ಅಮೆರಿಕದ ಗವರ್ನರ್ ಒಬ್ಬರ ಜೀವನಚರಿತ್ರೆ ಬರೆಯುವುದು ಹೇಗೆ? ಹೈರಮ್ ಜಾನ್ಸನ್ ಅವರ ಉದಾಹರಣೆಯೊಂದಿಗೆ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ರಾಜ್ಯವೊಂದನ್ನು ಆಳಿದ ಗವರ್ನರ್ ಒಬ್ಬರ ಬದುಕನ್ನು ಕನ್ನಡದಲ್ಲಿ ಬರೆಯಹೊರಟವರು, ಆ ಹುದ್ದೆಯ ಬಲವೇನು, ಮಿತಿಯೇನು ಎಂಬುದನ್ನು ಆರಂಭದಲ್ಲೇ ಓದುಗರಿಗೆ ತಿಳಿಸಿಬಿಡಬೇಕು. ನಮ್ಮ ರಾಜ್ಯಪಾಲರು ರಾಷ್ಟ್ರಪತಿಗಳಿಂದ ನೇಮಕಗೊಂಡವರು. ಅಲ್ಲಿನ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾಗಿ, ಶಾಸನಸಭೆಯ ಸದಸ್ಯರಾಗದೆಯೇ ಸರ್ಕಾರ ನಡೆಸುವವರು. ಮಸೂದೆಗೆ ಸಹಿ ಹಾಕುವುದು ಅಥವಾ ವೀಟೊ ಮಾಡುವುದು, ಆಯೋಗಗಳಿಗೆ ನೇಮಕ ಮಾಡುವುದು, ಶಿಕ್ಷೆಗೊಳಗಾದವರಿಗೆ ಕ್ಷಮೆ ನೀಡುವುದು ಅಥವಾ ನಿರಾಕರಿಸುವುದು, ಗಲಭೆಯಾದಾಗ ನ್ಯಾಷನಲ್ ಗಾರ್ಡ್ ಪಡೆಯನ್ನು ಕಳುಹಿಸುವುದು ಇವೆಲ್ಲ ಅವರ ಕೈಯಲ್ಲಿದ್ದವು. ಇವುಗಳಲ್ಲಿ ಪ್ರತಿಯೊಂದಕ್ಕೂ ಕಾಗದದ ದಾಖಲೆ ಉಳಿದಿರುತ್ತದೆ. ಗವರ್ನರ್ ಒಬ್ಬರ ಭಾಷಣಗಳಿಗಿಂತ, ಅವರ ಬೆಂಬಲಿಗರ ಹೊಗಳಿಕೆಗಿಂತ, ನಿಧನವಾರ್ತೆಗಳಿಗಿಂತ ಈ ಕಾಗದಗಳನ್ನೇ ಹೆಚ್ಚು ನಂಬಿ ಜೀವನಚರಿತ್ರೆಯನ್ನು ಕಟ್ಟಬೇಕು ಎಂಬುದು ಈ ಬರಹದ ನಿಲುವು.

ಆ ಕಾಲದಲ್ಲಿ ಹೆಸರು ಮಾಡಿದ ಗವರ್ನರುಗಳು ಹಲವರಿದ್ದಾರೆ. ವಿಸ್ಕಾನ್ಸಿನ್‌ನ ರಾಬರ್ಟ್ ಲಾ ಫಾಲೆಟ್, ನ್ಯೂಯಾರ್ಕ್‌ನ ಚಾರ್ಲ್ಸ್ ಇವಾನ್ಸ್ ಹ್ಯೂಸ್, ಮುಂದೆ ಅಧ್ಯಕ್ಷರಾದ ನ್ಯೂಜೆರ್ಸಿಯ ವುಡ್ರೊ ವಿಲ್ಸನ್ ಇವರಲ್ಲಿ ಯಾರನ್ನು ಬೇಕಾದರೂ ಆರಿಸಿಕೊಳ್ಳಬಹುದು. ಇಲ್ಲಿ ಕ್ಯಾಲಿಫೋರ್ನಿಯಾದ ಹೈರಮ್ ಜಾನ್ಸನ್ ಅವರನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಅವರ ಆಡಳಿತದಲ್ಲಿ ಹೆಮ್ಮೆಪಡಬಹುದಾದ ಕಾನೂನುಗಳೂ ನಾಚಿಕೆಪಡಬೇಕಾದ ಕಾನೂನೂ ಒಟ್ಟಿಗೇ ಇರುವುದರಿಂದ, ಬರೆಯುವವರ ಪ್ರಾಮಾಣಿಕತೆಗೆ ಅವರ ಬದುಕು ಒಳ್ಳೆಯ ಪರೀಕ್ಷೆ ಒಡ್ಡುತ್ತದೆ.

ಮೊದಲು ತಾರೀಖುಗಳ ಎಲುಬುಗೂಡು

ವಾಕ್ಯ ಬರೆಯುವ ಮೊದಲು ಒಂದು ಹಾಳೆಯಲ್ಲಿ ಖಚಿತ ದಿನಾಂಕಗಳನ್ನು ಮಾತ್ರ ಸಾಲಾಗಿ ಬರೆದುಕೊಳ್ಳಿ. ಜಾನ್ಸನ್ ಅವರು ಹುಟ್ಟಿದ್ದು 1866ರ ಸೆಪ್ಟೆಂಬರ್ 2ರಂದು, ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರು ಪದವಿ ಮುಗಿಸುವ ಮೊದಲೇ, 1886ರಲ್ಲಿ, ಮಿನ್ನಿ ಮೆಕ್‌ನೀಲ್ ಅವರನ್ನು ಮದುವೆಯಾಗಿ ಓದು ಬಿಟ್ಟರು; ಶೀಘ್ರಲಿಪಿಕಾರರಾಗಿ ದುಡಿಯುತ್ತ, ತಂದೆಯ ಕಚೇರಿಯಲ್ಲೇ ಕಾನೂನು ಕಲಿತು 1888ರಲ್ಲಿ ವಕೀಲರಾದರು. 1902ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ವಲಸೆ ಬಂದರು. 1910ರ ನವೆಂಬರ್‌ನಲ್ಲಿ ಗವರ್ನರ್ ಆಗಿ ಆಯ್ಕೆಯಾಗಿ 1911ರ ಜನವರಿ 3ರಂದು ಅಧಿಕಾರ ವಹಿಸಿಕೊಂಡರು, 1914ರಲ್ಲಿ ಮರು ಆಯ್ಕೆಯಾದರು, 1916ರಲ್ಲಿ ಅಮೆರಿಕದ ಸೆನೆಟ್‌ಗೆ ಗೆದ್ದು 1945ರ ಆಗಸ್ಟ್ 6ರಂದು ತೀರಿಕೊಳ್ಳುವವರೆಗೂ ಸೆನೆಟರ್ ಆಗಿಯೇ ಉಳಿದರು.

ಈ ಹಾಳೆಯಲ್ಲಿ ಆಯ್ಕೆಯಾದ ದಿನ ಮತ್ತು ಅಧಿಕಾರ ವಹಿಸಿಕೊಂಡ ದಿನಗಳಿಗೆ ಬೇರೆ ಬೇರೆ ಸಾಲು ಕೊಡಿ. ಹೊಸಬರ ಬರಹಗಳಲ್ಲಿ ಅತಿ ಹೆಚ್ಚು ತಪ್ಪು ನುಸುಳುವುದು ಇಲ್ಲೇ. ಜಾನ್ಸನ್ ಅವರ ಸೆನೆಟ್ ಅವಧಿ ಕಾನೂನಿನ ಪ್ರಕಾರ 1917ರ ಮಾರ್ಚ್ 4ಕ್ಕೆ ಆರಂಭವಾಗಿದ್ದರೂ, ಅವರು ಗವರ್ನರ್ ಹುದ್ದೆ ಬಿಟ್ಟದ್ದು ಮಾರ್ಚ್ 15ರಂದು, ಸೆನೆಟ್‌ನಲ್ಲಿ ಕುಳಿತದ್ದು ಮರುದಿನ. ಇದನ್ನು ಗಮನಿಸದೆ ಎರಡು ಆಕರಗಳಿಂದ ಒಂದೊಂದು ದಿನಾಂಕ ಎತ್ತಿಕೊಂಡರೆ, ಒಬ್ಬ ವ್ಯಕ್ತಿಯನ್ನು ಒಂದೇ ಕಾಲಕ್ಕೆ ಎರಡು ಕುರ್ಚಿಗಳಲ್ಲಿ ಕೂರಿಸಿದಂತಾಗುತ್ತದೆ. ಹಾಗೆಯೇ, ಕ್ಯಾಲಿಫೋರ್ನಿಯಾದ ಶಾಸನಸಭೆ ಆಗ ಎರಡು ವರ್ಷಕ್ಕೊಮ್ಮೆ, ಬೆಸ ವರ್ಷಗಳಲ್ಲಿ ಮಾತ್ರ, ಸಾಮಾನ್ಯ ಅಧಿವೇಶನ ನಡೆಸುತ್ತಿತ್ತು. ಆದ್ದರಿಂದ ಅವರ ಆಡಳಿತದ ತಿರುಳೆಲ್ಲ 1911, 1913 ಮತ್ತು 1915ರ ಅಧಿವೇಶನಗಳಲ್ಲೇ ಸಿಗುತ್ತದೆ. ಹುಡುಕಾಟದ ಸಮಯವನ್ನು ಈ ಲೆಕ್ಕದಲ್ಲೇ ಹಂಚಿಕೊಳ್ಳಬಹುದು.

ಮನೆತನ ಮತ್ತು ವಕೀಲಿಕೆಯ ದಿನಗಳು

ಬಾಲ್ಯದ ವಿವರಗಳಿಗೆ ಜನಗಣತಿಯ ಹಾಳೆಗಳೇ ಮುಖ್ಯ ಆಸರೆ. ಅಮೆರಿಕದಲ್ಲಿ ಗಣತಿಯ ವೈಯಕ್ತಿಕ ಹಾಳೆಗಳನ್ನು 72 ವರ್ಷಗಳ ನಂತರ ಸಾರ್ವಜನಿಕರಿಗೆ ತೆರೆಯುವುದರಿಂದ ಈ ತಲೆಮಾರಿನವರ ಮಟ್ಟಿಗೆ ಯಾವ ಅಡ್ಡಿಯೂ ಇಲ್ಲ. ಆದರೆ 1890ರ ಗಣತಿಯ ಹಾಳೆಗಳು 1921ರ ಬೆಂಕಿಯ ನಂತರ ಬಹುಪಾಲು ನಾಶವಾದವು. 1880ಕ್ಕೂ 1900ಕ್ಕೂ ನಡುವಣ ಇಪ್ಪತ್ತು ವರ್ಷಗಳನ್ನು ನಗರದ ವಾರ್ಷಿಕ ವಿಳಾಸ ಪುಸ್ತಕಗಳಿಂದ, ಮತದಾರರ ಪಟ್ಟಿಗಳಿಂದ ತುಂಬಿಕೊಳ್ಳಬೇಕು. ಸ್ಯಾನ್ ಫ್ರಾನ್ಸಿಸ್ಕೊಗೆ ಸಂಬಂಧಿಸಿದವರಿಗೆ ಇನ್ನೊಂದು ನಷ್ಟವೂ ಇದೆ. 1906ರ ಏಪ್ರಿಲ್ 18ರ ಭೂಕಂಪ ಮತ್ತು ಅದರ ಬೆನ್ನಲ್ಲೇ ಹಬ್ಬಿದ ಬೆಂಕಿಯಲ್ಲಿ ನಗರದ ಬಹಳಷ್ಟು ಸಾರ್ವಜನಿಕ ದಾಖಲೆಗಳು ಸುಟ್ಟುಹೋದವು.

ಜಾನ್ಸನ್ ಅವರ ಮನೆತನವನ್ನು ಒಂದು ಸಾಲಿನಲ್ಲಿ ಮುಗಿಸುವುದು ದೊಡ್ಡ ನಷ್ಟ. ತಂದೆ ಗ್ರೋವ್ ಜಾನ್ಸನ್ ಅವರು ವಕೀಲರು, ರಿಪಬ್ಲಿಕನ್ ಪಕ್ಷದ ರಾಜಕಾರಣಿ, ಒಂದು ಅವಧಿಗೆ ಅಮೆರಿಕದ ಕಾಂಗ್ರೆಸ್ ಸದಸ್ಯರೂ ಆಗಿದ್ದವರು. ರಾಜ್ಯದ ರಾಜಕೀಯವನ್ನೇ ಹಿಡಿತದಲ್ಲಿಟ್ಟುಕೊಂಡಿದ್ದ ಸದರ್ನ್ ಪೆಸಿಫಿಕ್ ರೈಲು ಕಂಪನಿಯ ಪರ ನಿಂತವರು. ಮಗ ಮುಂದೆ ಗವರ್ನರ್ ಆದದ್ದೇ ಆ ಕಂಪನಿಯನ್ನು ರಾಜಕೀಯದಿಂದ ಹೊರದಬ್ಬುತ್ತೇನೆ ಎಂಬ ಒಂದೇ ಮಾತಿನ ಮೇಲೆ. ಇಂಥ ವೈರುಧ್ಯ ಕಂಡಾಗ ಅಪ್ಪ-ಮಗನ ಜಗಳವನ್ನು ನಾಟಕವಾಗಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಮನೆಯೊಳಗೆ ಯಾರು ಯಾರಿಗೆ ಏನೆಂದರು ಎಂಬುದನ್ನು ಕಲ್ಪಿಸದೆ, ಯಾವ ವರ್ಷ ಯಾವ ಮಸೂದೆಯ ಬಗ್ಗೆ ಯಾರು ಯಾವ ಕಡೆ ಇದ್ದರು ಎಂಬುದನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು.

ವಕೀಲಿಕೆಯ ದಿನಗಳಲ್ಲಿ ನಿಜವಾಗಿ ನಿಂತು ನೋಡಬೇಕಾದದ್ದು ಸ್ಯಾನ್ ಫ್ರಾನ್ಸಿಸ್ಕೊದ ಲಂಚ ಪ್ರಕರಣಗಳು. ನಗರದ ರಾಜಕೀಯ ಸೂತ್ರಧಾರ ಏಬ್ ರೂಫ್ ಅವರ ವಿರುದ್ಧ ವಾದಿಸುತ್ತಿದ್ದ ಫ್ರಾನ್ಸಿಸ್ ಹೀನಿ ಅವರ ಮೇಲೆ 1908ರ ನವೆಂಬರ್ 13ರಂದು ನ್ಯಾಯಾಲಯದೊಳಗೇ ಗುಂಡು ಹಾರಿತು. ಗುಂಡು ಹಾರಿಸಿದ ಮೋರಿಸ್ ಹಾಸ್ ಎಂಬಾತ, ಹಿಂದೆ ಜೂರಿಗೆ ಕರೆಯಲ್ಪಟ್ಟಾಗ ತನ್ನ ಹಳೆಯ ಅಪರಾಧವನ್ನು ಹೀನಿ ಬಯಲು ಮಾಡಿದ್ದಕ್ಕೆ ಕುದಿಯುತ್ತಿದ್ದವನು. ಹೀನಿ ಬದುಕಿ ಉಳಿದರು. ಪ್ರಕರಣವನ್ನು ಮುನ್ನಡೆಸಿದ ವಕೀಲರಲ್ಲಿ ಜಾನ್ಸನ್ ಒಬ್ಬರು. ಡಿಸೆಂಬರ್‌ನಲ್ಲಿ ರೂಫ್ ಅಪರಾಧಿ ಎಂದು ತೀರ್ಮಾನವಾಗಿ 14 ವರ್ಷಗಳ ಶಿಕ್ಷೆ ವಿಧಿಸಲಾಯಿತು. ಜಾನ್ಸನ್ ಅವರ ಹೆಸರು ರಾಜ್ಯವಿಡೀ ಹಬ್ಬಿದ್ದು ಹೀಗೆ. ಇಲ್ಲಿ "ಜಾನ್ಸನ್ ಒಬ್ಬರೇ ರೂಫ್‌ನನ್ನು ಜೈಲಿಗಟ್ಟಿದರು" ಎಂದು ಬರೆಯುವ ಆಕರಗಳು ಸಿಗುತ್ತವೆ. ಅವರ ಜೊತೆ ಮ್ಯಾಟ್ ಸಲಿವನ್ ಅವರೂ ಇದ್ದರು, ಹೀನಿ ಆ ವೇಳೆಗಾಗಲೇ ಮೊಕದ್ದಮೆಯ ಬಹುಭಾಗ ನಡೆಸಿದ್ದರು ಎಂಬುದನ್ನು ಬಿಡಬಾರದು. ಹೀನಿ ಎಂಬ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ, ಇನ್ನೊಂದು ಕಡೆ ಮತ್ತೆ ಬರುತ್ತದೆ.

ಪತ್ರಿಕೆಗಳನ್ನು ಜೋಡಿಯಾಗಿ ಓದಿ

ಆ ಕಾಲದ ಪತ್ರಿಕೆಗಳು ಈಗ ಸುಲಭವಾಗಿ ಸಿಗುತ್ತವೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹದಲ್ಲಿಯೂ ಕ್ಯಾಲಿಫೋರ್ನಿಯಾ ಡಿಜಿಟಲ್ ನ್ಯೂಸ್‌ಪೇಪರ್ ಕಲೆಕ್ಷನ್‌ನಲ್ಲಿಯೂ ಸ್ಯಾನ್ ಫ್ರಾನ್ಸಿಸ್ಕೊ ಕಾಲ್‌ನಂಥ ಪತ್ರಿಕೆಗಳ ಪುಟಗಳನ್ನು ಹಣ ಕೊಡದೆ ಓದಬಹುದು, ಹೆಸರಿಟ್ಟು ಹುಡುಕಬಹುದು. ಹಳೆಯ ಅಚ್ಚನ್ನು ಯಂತ್ರ ಓದುವಾಗ ಅಕ್ಷರಗಳು ತಪ್ಪಾಗುವುದರಿಂದ, ಒಂದು ಹೆಸರು ಸಿಗದಿದ್ದರೆ ಆ ದಿನದ ಪುಟವನ್ನೇ ತೆರೆದು ಕಣ್ಣಾಡಿಸಬೇಕು.

ಆದರೆ ಆ ಪತ್ರಿಕೆಗಳು ಪಕ್ಷಪಾತವನ್ನು ಮುಚ್ಚಿಡುತ್ತಿರಲಿಲ್ಲ. ಚೆಸ್ಟರ್ ರೋವೆಲ್ ಅವರ ಫ್ರೆಸ್ನೊ ರಿಪಬ್ಲಿಕನ್ ಪತ್ರಿಕೆ ಜಾನ್ಸನ್ ಪರ. ರೋವೆಲ್ ಅವರೇ 1907ರಲ್ಲಿ ಲಿಂಕನ್-ರೂಸ್‌ವೆಲ್ಟ್ ಲೀಗ್ ಎಂಬ ಸುಧಾರಣಾವಾದಿ ಕೂಟವನ್ನು ಕಟ್ಟಿದವರಲ್ಲೊಬ್ಬರು. ಹ್ಯಾರಿಸನ್ ಗ್ರೇ ಓಟಿಸ್ ಅವರ ಲಾಸ್ ಏಂಜಲೀಸ್ ಟೈಮ್ಸ್ ಕಡು ವಿರೋಧಿ. ಒಂದು ಘಟನೆಯ ವರದಿಯನ್ನು ಎರಡೂ ಬಗೆಯ ಪತ್ರಿಕೆಗಳಲ್ಲಿ ಓದಿ, ಇಬ್ಬರೂ ಒಪ್ಪುವ ಅಂಶವನ್ನು ಸಂಗತಿಯೆಂದು ಬರೆಯಿರಿ. ಒಪ್ಪದ ಅಂಶವನ್ನು ಯಾರ ಮಾತೆಂದು ಹೇಳಿಯೇ ಬರೆಯಿರಿ. 1910ರ ಪ್ರಚಾರವನ್ನೇ ನೋಡಿ. ರೈಲು ಕಂಪನಿಯ ವಿರುದ್ಧ ಹೊರಟ ಅಭ್ಯರ್ಥಿ ರೈಲು ಹತ್ತದೆ, ಕೆಂಪು ಬಣ್ಣದ ಲೋಕೊಮೊಬೈಲ್ ಕಾರಿನಲ್ಲಿ ಹಳ್ಳಿ ಹಳ್ಳಿ ಸುತ್ತಿ, ಹಸುವಿನ ಕೊರಳಿಗೆ ಕಟ್ಟುವಂಥ ಗಂಟೆ ಬಾರಿಸಿ ಜನ ಸೇರಿಸುತ್ತಿದ್ದರು. ಕಾರು ಮತ್ತು ಗಂಟೆ ಬರಹಕ್ಕೆ ಜೀವ ತುಂಬುವ ವಿವರಗಳು. ಸಭೆಗಳಲ್ಲಿ ಎಷ್ಟು ಜನ ಸೇರಿದ್ದರು ಎಂಬ ಅಂಕಿಗಳನ್ನು ಮಾತ್ರ ನಂಬಬೇಡಿ. ಪತ್ರಿಕೆಯ ಒಲವಿಗೆ ತಕ್ಕಂತೆ ಅವು ಹಿಗ್ಗುತ್ತವೆ, ಕುಗ್ಗುತ್ತವೆ. ಗೆಲುವಿನ ಅಂತರದ ಬಗ್ಗೆ ಅಂಥ ಅನುಮಾನವಿಲ್ಲ: ಡೆಮಾಕ್ರಟ್ ಅಭ್ಯರ್ಥಿ ಥಿಯೊಡೋರ್ ಬೆಲ್ ಅವರಿಗಿಂತ ಸುಮಾರು 22,000 ಮತಗಳು ಹೆಚ್ಚು.

ಚುನಾವಣೆಯ ಮರುದಿನದ ಪತ್ರಿಕೆಯನ್ನು ಓದಿ ಅಲ್ಲಿಗೇ ನಿಲ್ಲಿಸುವುದೂ ಅಪಾಯಕಾರಿ. 1911ರ ಅಕ್ಟೋಬರ್ 10ರಂದು ಕ್ಯಾಲಿಫೋರ್ನಿಯಾದ ಪುರುಷ ಮತದಾರರು ಮಹಿಳೆಯರಿಗೆ ಮತದಾನದ ಹಕ್ಕು ಕೊಡಬೇಕೇ ಎಂಬ ಪ್ರಶ್ನೆಗೂ ಮತ ಹಾಕಿದ್ದರು. ಮೊದಲ ಎಣಿಕೆ ನಗರಗಳದ್ದಾಗಿದ್ದರಿಂದ, ಪ್ರಸ್ತಾವ ಸೋತಿತೆಂದು ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆಗಳು ಬರೆದವು. ಹಳ್ಳಿಗಳ ಮತಗಳು ತಡವಾಗಿ ಬಂದಾಗ 3,587 ಮತಗಳ ಅಂತರದಲ್ಲಿ ಅದು ಗೆದ್ದಿತ್ತು. ಯಾವುದೇ ಚುನಾವಣೆಯ ನಂತರ ಕನಿಷ್ಠ ಒಂದು ವಾರದ ಪತ್ರಿಕೆಗಳನ್ನು ತಿರುವಿಹಾಕಬೇಕೆನ್ನುವುದು ಇದಕ್ಕಾಗಿಯೇ.

ಕಾನೂನುಗಳ ಶ್ರೇಯಸ್ಸನ್ನು ಹಂಚುವ ಬಗೆ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಎಚ್ಚರ ಬೇಡುವ ಭಾಗ ಇದು. "ಜಾನ್ಸನ್ ಅವರು ಮಹಿಳೆಯರಿಗೆ ಮತದಾನದ ಹಕ್ಕು ನೀಡಿದರು" ಎಂಬ ವಾಕ್ಯ ಎಷ್ಟೋ ಕಡೆ ಕಾಣಸಿಗುತ್ತದೆ. ಸಂವಿಧಾನ ತಿದ್ದುಪಡಿಯನ್ನು ಶಾಸನಸಭೆಯ ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಒಪ್ಪಿ ನೇರವಾಗಿ ಮತದಾರರ ಮುಂದಿಡುತ್ತಿದ್ದವು. ಅದಕ್ಕೆ ಗವರ್ನರರ ಸಹಿಯೇ ಬೇಕಿರಲಿಲ್ಲ. ಆ ಶರತ್ಕಾಲದಲ್ಲಿ ಜಾನ್ಸನ್ ಅವರ ಉತ್ಸಾಹವೆಲ್ಲ ಬೇರೆ ತಿದ್ದುಪಡಿಗಳ ಮೇಲಿತ್ತು: ಜನರೇ ಸಹಿ ಸಂಗ್ರಹಿಸಿ ಕಾನೂನನ್ನು ಮತಕ್ಕೆ ಹಾಕುವ ಹಕ್ಕು, ಶಾಸನಸಭೆ ಮಾಡಿದ ಕಾನೂನಿನ ಮೇಲೆ ಜನಮತಗಣನೆ ಕೇಳುವ ಹಕ್ಕು, ನ್ಯಾಯಾಧೀಶರೂ ಸೇರಿದಂತೆ ಚುನಾಯಿತರನ್ನು ಅವಧಿಗೆ ಮುನ್ನವೇ ಹಿಂದಕ್ಕೆ ಕರೆಸಿಕೊಳ್ಳುವ ಹಕ್ಕು. ಮತದಾನದ ಹಕ್ಕಿನ ಶ್ರೇಯಸ್ಸು ಮೊದಲು ಸಲ್ಲಬೇಕಾದದ್ದು ಊರೂರು ತಿರುಗಿ ದುಡಿದ ಮಹಿಳಾ ಸಂಘಟನೆಗಳಿಗೆ. ಅಂದು ಮತಕ್ಕೆ ಹಾಕಿದ 23 ತಿದ್ದುಪಡಿಗಳಲ್ಲಿ 22 ಗೆದ್ದವು ಎಂಬುದು ಗವರ್ನರರ ಪ್ರಭಾವಕ್ಕೆ ಸಾಕ್ಷಿಯೇ ಹೌದು. ಪ್ರತಿಯೊಂದರಲ್ಲೂ ಅವರ ಪಾತ್ರ ಒಂದೇ ತೂಕದ್ದಾಗಿರಲಿಲ್ಲ ಎಂಬುದನ್ನು ಓದುಗರಿಗೆ ತಿಳಿಸುವುದು ನಿಮ್ಮ ಕೆಲಸ.

ಆದ್ದರಿಂದ ಪ್ರತಿ ಕಾನೂನಿಗೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಮಂಡಿಸಿದವರು ಯಾರು, ಗವರ್ನರ್ ತಮ್ಮ ಸಂದೇಶದಲ್ಲಿ ಅದನ್ನು ಕೇಳಿದ್ದರೇ, ಸಹಿ ಹಾಕಿದ ದಿನ ಯಾವುದು, ಜಾರಿಗೆ ಬಂದದ್ದು ಎಂದು. ಉತ್ತರಗಳು ಶಾಸನಸಭೆಯ ನಡವಳಿ ಪುಸ್ತಕಗಳಲ್ಲಿ, ಆಯಾ ವರ್ಷದ ಕಾನೂನು ಸಂಪುಟದಲ್ಲಿ, ಸ್ಯಾಕ್ರಮೆಂಟೊದ ರಾಜ್ಯ ಪತ್ರಾಗಾರದ ಮಸೂದೆ ಕಡತಗಳಲ್ಲಿ ಇವೆ. ಅಚ್ಚಾದ ಸಂಪುಟಗಳಲ್ಲಿ ಬಹಳಷ್ಟನ್ನು ಹಾಥಿಟ್ರಸ್ಟ್ ಮತ್ತು ಇಂಟರ್ನೆಟ್ ಆರ್ಕೈವ್ ತಾಣಗಳಲ್ಲಿ ಮನೆಯಲ್ಲೇ ಕುಳಿತು ಓದಬಹುದು. ಕೆಲಸದಲ್ಲಿ ಗಾಯಗೊಂಡ ಕಾರ್ಮಿಕರ ಪರಿಹಾರದ ಕಾನೂನು ಇದಕ್ಕೆ ಒಳ್ಳೆಯ ನಿದರ್ಶನ. 1911ರ ರೋಸ್‌ಬೆರಿ ಕಾಯ್ದೆ ಮಾಲೀಕರ ಇಚ್ಛೆಗೆ ಬಿಟ್ಟದ್ದಾಗಿತ್ತು. ಅದು ಕಡ್ಡಾಯವಾದದ್ದು 1913ರ ಬಾಯ್ನ್‌ಟನ್ ಕಾಯ್ದೆಯಿಂದ. ರಾಜ್ಯದ್ದೇ ವಿಮಾ ನಿಧಿ ಕೆಲಸ ಆರಂಭಿಸಿದ್ದು 1914ರಲ್ಲಿ. ಈ ಮೂರನ್ನೂ "1911ರ ಸುಧಾರಣೆ" ಎಂದು ಒಂದೇ ಗಂಟಾಗಿ ಕಟ್ಟಿದರೆ, ಒಂದು ಸರ್ಕಾರ ಎಡವುತ್ತ ಕಲಿತ ಬಗೆ ಓದುಗರಿಗೆ ಕಾಣುವುದೇ ಇಲ್ಲ. ರೈಲು ಕಂಪನಿಗಳ ದರ ನಿಗದಿ ಮಾಡುವ ಆಯೋಗಕ್ಕೆ ಹಲ್ಲು ಬಂದದ್ದು ಮಾತ್ರ ನಿಜಕ್ಕೂ 1911ರಲ್ಲೇ. ಅದೇ ವರ್ಷ ಮಹಿಳಾ ಕಾರ್ಮಿಕರಿಗೆ ಎಂಟು ಗಂಟೆಯ ದುಡಿಮೆಯ ಮಿತಿಯೂ ಬಂದಿತು.

ನೇಮಕ ಮತ್ತು ಕ್ಷಮಾದಾನದ ದಾಖಲೆಗಳನ್ನು ಮರೆಯಬೇಡಿ, ಕಾನೂನು ಹೇಳದ ಸಂಗತಿಗಳನ್ನು ಅವು ಹೇಳುತ್ತವೆ. 1913ರ ಆಗಸ್ಟ್‌ನಲ್ಲಿ ವೀಟ್‌ಲ್ಯಾಂಡ್‌ನಲ್ಲಿ, ಬಿಯರ್ ತಯಾರಿಕೆಗೆ ಬಳಸುವ ಹಾಪ್ ಬೆಳೆಯ ತೋಟದಲ್ಲಿ, ಕೂಲಿಗಳ ಪ್ರತಿಭಟನೆ ಗಲಭೆಯಾಗಿ ನಾಲ್ವರು ಸತ್ತಾಗ, ಜಾನ್ಸನ್ ಅವರು ನ್ಯಾಷನಲ್ ಗಾರ್ಡ್ ಕಳುಹಿಸಿದರು. ಅವರ ಆಡಳಿತವೇ ರಚಿಸಿದ್ದ ವಲಸಿಗರ ಮತ್ತು ವಸತಿ ಆಯೋಗ ಮುಂದೆ ಕೂಲಿಗಳ ಬಿಡಾರಗಳ ಸ್ಥಿತಿಯನ್ನು ತಪಾಸಣೆ ಮಾಡಿ ಸುಧಾರಿಸಿತು. ಶಿಕ್ಷೆಗೊಳಗಾದ ಇಬ್ಬರು ಕಾರ್ಮಿಕ ಸಂಘಟಕರಿಗೆ ಮಾತ್ರ ಅವರು ಕ್ಷಮೆ ಕೊಡಲಿಲ್ಲ.

1913ರ ಭೂ ಕಾನೂನನ್ನು ಅಡಿಟಿಪ್ಪಣಿಗೆ ತಳ್ಳಬೇಡಿ

ಜಾನ್ಸನ್ ಅವರ ಹಲವು ಸಂಕ್ಷಿಪ್ತ ಪರಿಚಯಗಳಲ್ಲಿ ಸುಧಾರಣೆಗಳಿಗೆ ಪುಟಗಟ್ಟಲೆ ಜಾಗ, ಈ ಕಾನೂನಿಗೆ ಒಂದು ವಾಕ್ಯ. 1913ರ ಮೇ 19ರಂದು ಅವರು ಸಹಿ ಹಾಕಿದ ಕಾನೂನು, ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲದ ಪರದೇಶಿಯರು ಕೃಷಿಭೂಮಿ ಕೊಳ್ಳುವುದನ್ನು ನಿಷೇಧಿಸಿ, ಗುತ್ತಿಗೆಯನ್ನು ಮೂರು ವರ್ಷಕ್ಕೆ ಮಿತಿಗೊಳಿಸಿತು. ಅದರಲ್ಲಿ ಜಪಾನೀಯರು ಎಂಬ ಹೆಸರೇ ಇಲ್ಲ. ಆದರೆ ಪೌರತ್ವದ ಅಂದಿನ ಕಾನೂನು ಬಿಳಿಯರಿಗೂ ಆಫ್ರಿಕನ್ ಮೂಲದವರಿಗೂ ಮಾತ್ರ ಬಾಗಿಲು ತೆರೆದಿದ್ದರಿಂದ, ಏಟು ಯಾರಿಗೆಂದು ಎಲ್ಲರಿಗೂ ತಿಳಿದಿತ್ತು. ಜಪಾನ್ ಸರ್ಕಾರ ಪ್ರತಿಭಟಿಸಿತು. ಅಧ್ಯಕ್ಷ ವಿಲ್ಸನ್ ಅವರು ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರನ್ನೇ ಸ್ಯಾಕ್ರಮೆಂಟೊಗೆ ಕಳುಹಿಸಿದರು. ಆದರೂ ರಾಜ್ಯ ಶಾಸನಸಭೆಯ ಸೆನೆಟ್‌ನಲ್ಲಿ 35ಕ್ಕೆ 2, ಅಸೆಂಬ್ಲಿಯಲ್ಲಿ 72ಕ್ಕೆ 3 ಮತಗಳಿಂದ ಮಸೂದೆ ಅಂಗೀಕಾರವಾಯಿತು. ಅದನ್ನು ಬರೆದವರು ರಾಜ್ಯದ ಅಟಾರ್ನಿ ಜನರಲ್ ಯುಲಿಸಿಸ್ ವೆಬ್ ಮತ್ತು ಲಂಚದ ವಿರುದ್ಧ ಹೋರಾಡಿ ಗುಂಡೇಟು ತಿಂದ ಅದೇ ಫ್ರಾನ್ಸಿಸ್ ಹೀನಿ. ಸುಧಾರಕರು ಒಂದು ಕಡೆ, ಜನಾಂಗದ್ವೇಷಿಗಳು ಇನ್ನೊಂದು ಕಡೆ ಎಂದು ಗೆರೆ ಎಳೆಯುವುದು ಇಲ್ಲಿ ಸಾಧ್ಯವಾಗದು. ಹಾಗೆ ಎಳೆದ ಜೀವನಚರಿತ್ರೆ ತಪ್ಪು ಹೇಳುತ್ತದೆ.

ಕನ್ನಡ ಓದುಗರಿಗಾಗಿ ಬರೆಯುವವರು ಈ ಎಳೆಯನ್ನು ಇನ್ನೊಂದಿಷ್ಟು ದೂರ ಹಿಂಬಾಲಿಸಬೇಕು. 1920ರಲ್ಲಿ ಈ ಕಾನೂನನ್ನು ಬಿಗಿಗೊಳಿಸಿದ್ದು ಶಾಸನಸಭೆಯಲ್ಲ, 1911ರ ಸುಧಾರಣೆಯಿಂದ ಬಂದ ಹಕ್ಕನ್ನು ಬಳಸಿ ಮತದಾರರೇ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರೂ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಾಗ, ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡುತ್ತಿದ್ದ ಪಂಜಾಬಿ ರೈತರೂ ಇದೇ ಬಲೆಗೆ ಸಿಕ್ಕಿದರು.

ಚುನಾವಣೆಯ ದಂತಕಥೆಗಳು, ಹೆಸರಿಗೆ ಅಂಟಿದ ಮಾತುಗಳು

1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ರಿಪಬ್ಲಿಕನ್ ಪಕ್ಷದಿಂದ ಒಡೆದು ಬಂದ ಪ್ರೊಗ್ರೆಸಿವ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಜಾನ್ಸನ್ ಅವರು ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದರು. ಜೋಡಿ ದೇಶದಲ್ಲಿ ಸೋತರೂ ಕ್ಯಾಲಿಫೋರ್ನಿಯಾದಲ್ಲಿ ವಿಲ್ಸನ್ ಅವರಿಗಿಂತ 174 ಮತಗಳಿಂದ ಮುಂದಿತ್ತು. ಈ ಅಂಕಿಯನ್ನು ಒಂಟಿಯಾಗಿ ಬರೆದರೆ ಅರ್ಧಸತ್ಯವಾಗುತ್ತದೆ. ರಿಪಬ್ಲಿಕನ್ ಸಂಘಟನೆ ಜಾನ್ಸನ್ ಬಳಗದ ಕೈಯಲ್ಲಿದ್ದುದರಿಂದ ಹಾಲಿ ಅಧ್ಯಕ್ಷರೂ ರಿಪಬ್ಲಿಕನ್ ಅಭ್ಯರ್ಥಿಯೂ ಆಗಿದ್ದ ಟಾಫ್ಟ್ ಅವರ ಹೆಸರೇ ರಾಜ್ಯದ ಮತಪತ್ರದಲ್ಲಿ ಇರಲಿಲ್ಲ.

1916ರ ಕಥೆ ಇನ್ನೂ ಪ್ರಸಿದ್ಧ. ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ಹ್ಯೂಸ್ ಅವರು ಆಗಸ್ಟ್‌ನಲ್ಲಿ ಲಾಂಗ್ ಬೀಚ್‌ನ ವರ್ಜೀನಿಯಾ ಹೋಟೆಲಿನಲ್ಲಿದ್ದಾಗ ಜಾನ್ಸನ್ ಅವರೂ ಅಲ್ಲೇ ಇದ್ದರು, ಇಬ್ಬರೂ ಭೇಟಿಯಾಗಲಿಲ್ಲ; ನವೆಂಬರ್‌ನಲ್ಲಿ ಹ್ಯೂಸ್ ಅವರು 4,000ಕ್ಕೂ ಕಡಿಮೆ ಮತಗಳಿಂದ ಕ್ಯಾಲಿಫೋರ್ನಿಯಾವನ್ನೂ ಅದರೊಂದಿಗೆ ಅಧ್ಯಕ್ಷ ಪದವಿಯನ್ನೂ ಕಳೆದುಕೊಂಡರು. ಭೇಟಿಯಾಗದಿದ್ದದ್ದು ನಿಜ, ಸೋತದ್ದೂ ನಿಜ. ಒಂದರಿಂದಲೇ ಇನ್ನೊಂದು ಆಯಿತು ಎನ್ನುವುದು ಮಾತ್ರ ಊಹೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೋಟೆಲ್ ಕಾರ್ಮಿಕರ ಮುಷ್ಕರ ನಡೆಯುತ್ತಿರುವಾಗ ಹ್ಯೂಸ್ ಅವರು ಸಂಘ ಸೇರದ ನೌಕರರು ಬಡಿಸಿದ ಔತಣದಲ್ಲಿ ಕುಳಿತು ಉಂಡದ್ದು, ವಿಲ್ಸನ್ ದೇಶವನ್ನು ಯುದ್ಧದಿಂದ ಹೊರಗಿಟ್ಟರೆಂಬ ಭಾವನೆ, ಇವೂ ಲೆಕ್ಕಕ್ಕೆ ಬರಬೇಕು. ಅದೇ ಚುನಾವಣೆಯಲ್ಲಿ ಜಾನ್ಸನ್ ಅವರು ಸೆನೆಟ್ ಸ್ಥಾನವನ್ನು ಸುಮಾರು 3 ಲಕ್ಷ ಮತಗಳ ಅಂತರದಿಂದ ಗೆದ್ದರು. ಸೋತ ಡೆಮಾಕ್ರಟ್, ಎರಡನೇ ಮಹಾಯುದ್ಧದಲ್ಲಿ ಹೆಸರಾದ ಜನರಲ್ ಪ್ಯಾಟನ್ ಅವರ ತಂದೆ.

ಉಲ್ಲೇಖಗಳ ವಿಷಯದಲ್ಲಿಯೂ ಇಷ್ಟೇ ಬಿಗಿಯಾಗಿರಿ. ಯುದ್ಧ ಬಂದಾಗ ಮೊದಲು ಬಲಿಯಾಗುವುದು ಸತ್ಯ ಎಂಬ ಅರ್ಥದ ಮಾತು ಜಾನ್ಸನ್ ಅವರು ಸೆನೆಟ್‌ನಲ್ಲಿ ಆಡಿದ್ದೆಂದು ಎಲ್ಲೆಡೆ ಹರಿದಾಡುತ್ತದೆ. ಅವರು ಹಾಗೆಂದದ್ದಕ್ಕೆ ಸಮಕಾಲೀನ ದಾಖಲೆ ಸಿಕ್ಕಿಲ್ಲ. ಆಕರ ತೋರಿಸಲಾಗದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಡಿ. ಅವರ ನಿಜವಾದ ದನಿ ಬೇಕಾದವರು ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿರುವ ಅವರ ಕಾಗದಪತ್ರಗಳ ಕಡೆ, ವಿಶೇಷವಾಗಿ 1917ರಿಂದ ಗಂಡುಮಕ್ಕಳಿಗೆ ಬರೆಯುತ್ತ ಹೋದ ದಿನಚರಿಯಂಥ ಪತ್ರಗಳ ಕಡೆ ತಿರುಗಬೇಕು. ಮನೆಯವರಿಗೆ ಬರೆದದ್ದರಿಂದ ಅವುಗಳಲ್ಲಿ ಮುನಿಸು, ಹೊಟ್ಟೆಕಿಚ್ಚು ಎಲ್ಲವೂ ಇವೆ. ಬೇರೆಯವರ ಬಗ್ಗೆ ಅಲ್ಲಿರುವ ತೀರ್ಪುಗಳನ್ನು ಸಂಗತಿಯೆಂದು ಎತ್ತಿಕೊಳ್ಳುವಂತಿಲ್ಲ.

ಜಾಗದ ಹಂಚಿಕೆ

ಗವರ್ನರ್ ಆಗಿ ಆರು ವರ್ಷ, ಸೆನೆಟರ್ ಆಗಿ ಇಪ್ಪತ್ತೆಂಟು ವರ್ಷ ಎಂದು ಲೆಕ್ಕ ಹಾಕಿ ಪುಟಗಳನ್ನು ಹಂಚಲು ಹೋಗಬೇಡಿ. ಬರಹ ಗವರ್ನರ್ ಕುರಿತದ್ದಾಗಿದ್ದರೆ ಸೆನೆಟ್ ಕಾಲವನ್ನು ಎರಡು ಪ್ಯಾರಾಗಳಲ್ಲಿ ಮುಗಿಸಬಹುದು: ಮೊದಲ ಮಹಾಯುದ್ಧದ ನಂತರ ಹುಟ್ಟಿದ ರಾಷ್ಟ್ರಗಳ ಕೂಟ ಲೀಗ್ ಆಫ್ ನೇಷನ್ಸ್‌ಗೆ ತೋರಿದ ಪಟ್ಟುಬಿಡದ ವಿರೋಧ, 1920ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ಹಾರ್ಡಿಂಗ್ ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಲು ಒಪ್ಪದಿದ್ದದ್ದು, ಕೊಲೊರಾಡೊ ನದಿಗೆ ದೊಡ್ಡ ಅಣೆಕಟ್ಟು ಕಟ್ಟಲು ದಾರಿ ಮಾಡಿದ 1928ರ ಕಾಯ್ದೆ, ಸಾಲ ತೀರಿಸದ ದೇಶಗಳಿಗೆ ಹೊಸ ಸಾಲ ನಿಷೇಧಿಸಿದ 1934ರ ಜಾನ್ಸನ್ ಕಾಯ್ದೆ. ಹಾರ್ಡಿಂಗ್ 1923ರಲ್ಲಿ ಅಧ್ಯಕ್ಷರಾಗಿದ್ದಾಗಲೇ ತೀರಿಕೊಂಡು ಉಪಾಧ್ಯಕ್ಷರೇ ಅಧ್ಯಕ್ಷರಾದದ್ದನ್ನು ಒಂದು ವಾಕ್ಯದಲ್ಲಿ ಹೇಳಿದರೆ, ಜಾನ್ಸನ್ ಅವರ ಕೈತಪ್ಪಿದ್ದೇನು ಎಂದು ಓದುಗರೇ ಊಹಿಸಿಕೊಳ್ಳುತ್ತಾರೆ.

ಉಳಿದ ಜಾಗವನ್ನು ಅವರ ಕಾಲದ ಕಾನೂನುಗಳು ಮುಂದೆ ಏನಾದವು ಎಂಬುದಕ್ಕೆ ಕೊಡಿ. 1952ರಲ್ಲಿ ಸೇ ಫುಜಿ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಭೂ ಕಾನೂನನ್ನು ಅಸಿಂಧುಗೊಳಿಸಿತು, 1956ರಲ್ಲಿ ಮತದಾರರು ಅದನ್ನು ರದ್ದುಪಡಿಸಿದರು. ಹಿಂದಕ್ಕೆ ಕರೆಸಿಕೊಳ್ಳುವ ಹಕ್ಕಿನ ವಿಷಯಕ್ಕೆ ಬಂದರೆ, 2003ರಲ್ಲಿ ಗ್ರೇ ಡೇವಿಸ್ ಅವರನ್ನು ಗವರ್ನರ್ ಹುದ್ದೆಯಿಂದ ಇಳಿಸಿದ್ದೂ 2021ರಲ್ಲಿ ಗ್ಯಾವಿನ್ ನ್ಯೂಸಮ್ ಅವರನ್ನು ಇಳಿಸಲು ನಡೆದು ವಿಫಲವಾದ ಮತದಾನವೂ 1911ರ ಅದೇ ತಿದ್ದುಪಡಿಯಿಂದ ಹುಟ್ಟಿದ ಹಕ್ಕಿನ ಅಡಿಯಲ್ಲಿಯೇ.